ಔರಾದಿನ ಹುಂಜ ಇಟಲಿಗೆ ಹೋದದ್ದು

ಔರಾದ್

ಜನ ಇಟಲಿಗೆ ಏನನ್ನಾದರೂ ನೋಡಲು ಹೋಗುತ್ತಾರೆ. ನಾನು ಹೋದದ್ದು ಒಂದು ಹುಂಜವನ್ನು ಬಿಟ್ಟು ಬರಲು. ಜೀವ ಇರುವ ಹುಂಜವಲ್ಲ, ಪಿಂಗಾಣಿಯದು. ಒಂದು ಮೊಳ ಎತ್ತರ, ಒರಟು ಬೂದಿ ಬಿಳುಪಿನ ಮೈ, ಎದೆಯ ಮೇಲೆ ನೀಲಿ ಪಟ್ಟೆಗಳು, ಹಸಿರು ಬಾಲ. ಅಲುಗಾಡಿಸಿದರೆ ಹೊಟ್ಟೆಯೊಳಗೆ ಏನೋ ಗಲಗಲ ಅನ್ನುತ್ತದೆ. ಹುಂಜ ಮೊಟ್ಟೆ ಇಟ್ಟಿದೆ ಎಂದು ನಾವು ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದೆವು.

ಅದನ್ನು ಈ ಮನೆಗೆ ತಂದವನು ನಮ್ಮ ಮಾಮಾ, ಅಂದರೆ ಅಪ್ಪನ ತಂಗಿ ಕಾಶೀಬಾಯಿ ಆತ್ಯಾಳ ಗಂಡ. ಐವತ್ತು ವರ್ಷಕ್ಕೂ ಹಿಂದೆ ಅವನು ಬೀದರಿನ ಒಂದು ಬಂಗಲೆಯಲ್ಲಿ ಅಡುಗೆ ಮಾಡಿಕೊಂಡಿದ್ದ. ಬಾವಿ ಕೊರೆಯುವ ಯಂತ್ರಗಳ ಜತೆ ಬಂದಿದ್ದ ಪರದೇಶದ ಇಂಜಿನಿಯರ್ ಮತ್ತು ಅವನ ಹೆಂಡತಿ ಅಲ್ಲಿದ್ದರು. ಅವರು ಗಂಟುಮೂಟೆ ಕಟ್ಟಿಕೊಂಡು ಹೊರಟುಹೋದ ವಾರವೇ ಮಾಮಾ ಔರಾದಿಗೆ ಮರಳಿದ. ಬುಟ್ಟಿಯಲ್ಲಿ ಬಟ್ಟೆಯ ಕೆಳಗೆ ಈ ಹುಂಜ. ಮೇಮ್‌ಸಾಬ್ ಕೊಟ್ಟಳೇನು ಎಂದು ಆತ್ಯಾ ಕೇಳಿದಳು. ಮಾಮಾ ಮಾತಾಡಲಿಲ್ಲ. ಅವನು ಹೇಳದ ಉತ್ತರವನ್ನು ಓಣಿಯೇ ಹೇಳಿಕೊಂಡಿತು: ಕದ್ದು ತಂದಾನ. ಅದಕ್ಕೂ ಅವನು ಬಾಯಿ ಬಿಡಲಿಲ್ಲ. ಹುಂಜವನ್ನು ಟ್ರಂಕಿನ ತಳದಲ್ಲಿಟ್ಟ. ಅವನು ಮನೆಯಲ್ಲಿಲ್ಲದಾಗ ನಾವು ಕದ್ದು ತೆಗೆದು ನೋಡುತ್ತಿದ್ದೆವು. ಅವನು ತೀರಿಕೊಂಡ ಮೇಲೆಯೇ ಆತ್ಯಾ ಅದನ್ನು ಗೋಡೆಯ ಗೂಡಿನಲ್ಲಿಟ್ಟದ್ದು.

ಆತ್ಯಾಳಿಗೆ ಈಗ ಎಂಬತ್ತು ದಾಟಿದೆ. ನಾನು ಇಟಲಿಗೆ ಹೊರಟಿದ್ದೇನೆಂದು ತಿಳಿದದ್ದೇ ನನ್ನನ್ನು ಕರೆಸಿ, ಹುಂಜವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅದರ ಪಾದದಡಿ ಬಣ್ಣದಲ್ಲಿ ಬರೆದ ಒಂದು ಅಂಕಿ, ಅದರ ಕೆಳಗೆ ಇಂಗ್ಲಿಷಿನಲ್ಲಿ ‘ಇಟಲಿ’. ಅದನ್ನು ಓದಿ ಹೇಳಿದವಳು ನಾನೇ, ಶಾಲೆಗೆ ಹೋಗುತ್ತಿದ್ದಾಗ.

“ನಾ ಒಂದೇ ಸಲ ಕೇಳಿದ್ದೆ ತಂಗಿ. ಅಂವ ಹೇಳಲಿಲ್ಲ, ನಾ ಮತ್ತ ಕೇಳಲಿಲ್ಲ. ಹಿಂಗ ಒಂದು ಜಲ್ಮ ಸಂಸಾರ ಮಾಡಿದ್ವಿ,” ಅಂದಳು. “ಇದರ ಊರಿಗೆ ಒಯ್ದು ತಿಳದವರಿಗೆ ತೋರಸು. ಕದ್ದದ್ದಿದ್ದರ ಅಲ್ಲೇ ಬಿಟ್ಟ ಬಾ. ಕೊಟ್ಟದ್ದಿದ್ದರ ತಿರುಗಿ ತಾ.”

“ಸಾಮಾನ ನೋಡಿ ಅದು ಕದ್ದದ್ದೋ ಕೊಟ್ಟದ್ದೋ ಅಂತ ಯಾರ ಹೇಳ್ತಾರ ಆತ್ಯಾ?”

“ಹಲ್ಲ ನೋಡಿ ಎತ್ತಿನ ವಯಸ್ಸ ಹೇಳ್ತಾರ. ಇಷ್ಟ ದೊಡ್ಡ ದೇಶದಾಗ ಇದನ್ನ ಹೇಳವರು ಒಬ್ಬರೂ ಇಲ್ಲೇನು?”

ವಾದ ಮಾಡಿ ಅವಳನ್ನು ಗೆದ್ದವರು ನಮ್ಮ ವಂಶದಲ್ಲಿ ಯಾರೂ ಇಲ್ಲ. ನಾನು ಹುಂಜವನ್ನು ಎತ್ತಿಕೊಂಡೆ.

ಭಾಲ್ಕಿ

ನನ್ನ ಮನೆ ಭಾಲ್ಕಿಯಲ್ಲಿ. ಅಲ್ಲೇ ಶಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತಳಾದೆ. ಹುಂಜವನ್ನು ಅವ್ವ ಹೊಲಿದ ಹಳೆಯ ಕೌದಿಯಲ್ಲಿ ಸುತ್ತುತ್ತಿದ್ದಾಗ, ಕೌದಿಯ ಮೂಲೆಯಲ್ಲಿ ಸಣ್ಣ ಹೂವಿನ ಒಂದು ತುಂಡು ಬಟ್ಟೆ ಕಂಡು ಕೈ ನಿಂತಿತು.

ನಾನು ಏಳೆಂಟು ವರ್ಷದವಳಿದ್ದಾಗ ಔರಾದಿನ ನಮ್ಮ ಓಣಿಯ ಆಚೆಗಿದ್ದ ವಕೀಲರ ಹೆಂಡತಿ ತಮ್ಮ ಮಗಳಿಗೆ ಚಿಕ್ಕದಾಗಿದ್ದ ನೀಲಿ ಫ್ರಾಕನ್ನು ನನಗೆ ಕೊಟ್ಟಿದ್ದರು. ಗುಂಡಿಗಳು ಮುತ್ತಿನಂತೆ ಹೊಳೆಯುತ್ತಿದ್ದವು. ಅದೇ ದಿನ ಮಾಮಾ ಬಂದ. ಫ್ರಾಕು ಬಿಚ್ಚಿಸಿದ, ಮಡಿಚಿದ, ನನ್ನ ಕೈ ಹಿಡಿದು ಅವರ ಬಾಗಿಲಿಗೆ ಕರೆದೊಯ್ದ. “ತಪ್ಪ ತಿಳೀಬ್ಯಾಡ್ರಿ ಬಾಯಿ. ನಮ್ಮನಿ ಮಕ್ಕಳು ಮಂದಿ ಬಿಟ್ಟದ್ದ ಉಡೂದಿಲ್ರಿ,” ಅಂದ. ನಮ್ಮವರು ಬೌದ್ಧ ದೀಕ್ಷೆ ತೆಗೆದುಕೊಂಡ ಮೇಲೆ ಔರಾದಿನಿಂದ ಭಾತಂಬ್ರಾದವರೆಗೆ ಮನೆ ಮನೆ ತಿರುಗಿ ಇದನ್ನೇ ಹೇಳಿದವನು ಅವನು. ಉಂಡು ಉಳಿದದ್ದು, ಉಟ್ಟು ಹರಿದದ್ದು, ಒಡೆದು ಬಿಸಾಕಿದ್ದು, ಯಾವುದೂ ನಮ್ಮ ಹೊಸ್ತಿಲು ದಾಟಬಾರದು. ಎಷ್ಟೋ ತಲೆಮಾರು ಅದನ್ನೇ ತಿಂದು ಅದನ್ನೇ ಉಟ್ಟ ಜನಕ್ಕೆ ಆ ಮಾತು ಹೊಸ ಅಂಗಿಯಂತಿತ್ತು. ನಾನು ಮಾತ್ರ ಎರಡು ದಿನ ಅತ್ತೆ. ಮುಂದಿನ ಸಂತೆಗೆ ಮಾಮಾ ಸಣ್ಣ ಹೂವಿನ ಹೊಸ ಬಟ್ಟೆ ತಂದುಕೊಟ್ಟ. ಕೌದಿಯ ಮೂಲೆಯಲ್ಲಿರುವುದು ಅದರ ತುಂಡು.

ಅಂಥ ಮನುಷ್ಯ ಕಳ್ಳತನ ಮಾಡಿದ್ದ ಎಂದರೆ ನನಗೆ ನಂಬಿಕೆ ಬರುತ್ತಿರಲಿಲ್ಲ. ಆದರೆ ಕೊಟ್ಟದ್ದಾಗಿದ್ದರೆ ಕೊಟ್ಟರು ಎನ್ನಲು ಅವನಿಗೇನು ಕಷ್ಟವಿತ್ತು?

ಬೀದರ್

ಇಷ್ಟಕ್ಕೂ ಇಟಲಿಗೆ ಕರೆ ಬಂದದ್ದು ನನಗಲ್ಲ, ರಜಿಯಾ ಆಪಾಗೆ. ಅವರು ಬೀದರಿನಲ್ಲಿ ಬಿದ್ರಿ ಕೆಲಸ ಮಾಡುವವರು. ಕಪ್ಪು ಲೋಹದ ಹೂಜಿಯ ಮೇಲೆ ಬೆಳ್ಳಿಯ ತಂತಿ ಕೂರಿಸುತ್ತ ಬೆನ್ನು ಬಾಗಿದೆ, ನಾಲಿಗೆ ಬಾಗಿಲ್ಲ. ಫಾಯೆಂಜಾ ಎಂಬ ಊರಿನಲ್ಲಿ ಕೈಕೆಲಸದವರ ಒಂದು ಮೇಳ. ಆಪಾಗೆ ಇಂಗ್ಲಿಷ್ ಬರುವುದಿಲ್ಲ, ನನಗೆ ಅಷ್ಟಿಷ್ಟು ಬರುತ್ತದೆ. ಹಾಗಾಗಿ ನಾನು ಜತೆಗಾರ್ತಿ.

ಹೊರಡುವ ದಿನ ಬೆಳಿಗ್ಗೆ ಕೋಟೆಯ ಮೇಲೆ ಮಂಜು ಇಳಿದಿತ್ತು. ಗುಮ್ಮಟಗಳು ನೀರಿನಲ್ಲಿ ತೇಲುವ ಮಡಕೆಗಳ ಹಾಗೆ ಕಾಣುತ್ತಿದ್ದವು. ಆಪಾ ತಮ್ಮ ಅಂಗಳದಲ್ಲಿ ಕೋಟೆಯ ಮಣ್ಣನ್ನು ಜರಡಿ ಹಿಡಿಯುತ್ತಿದ್ದರು. ಬಿದ್ರಿಗೆ ಕಪ್ಪು ಬರುವುದು ಆ ಮಣ್ಣಿನಿಂದ. ಒಂದು ಚಿಟಿಕೆ ತೆಗೆದು ನಾಲಿಗೆಯ ತುದಿಗಿಟ್ಟುಕೊಂಡು, ಕಣ್ಣು ಮುಚ್ಚಿ, ಉಗುಳಿ, “ಇದು ಬ್ಯಾಡ,” ಅಂದರು. ಇನ್ನೊಂದು ಗುಡ್ಡೆಯದನ್ನು ನೆಕ್ಕಿ, “ಇದು ನಡೀತದ,” ಅಂದರು. ಅವರ ಅಬ್ಬಾ ಕಲಿಸಿದ್ದು. ಒಳ್ಳೆಯ ಮಣ್ಣಿನ ರುಚಿ ಹೇಳಿಕೊಡಲು ಬರುವುದಿಲ್ಲ, ನೆಕ್ಕಿ ನೆಕ್ಕಿಯೇ ಬರಬೇಕು.

ಹೈದರಾಬಾದಿನ ವಿಮಾನ ನಿಲ್ದಾಣದಲ್ಲಿ ತಪಾಸಣೆಯ ಯಂತ್ರದೊಳಗೆ ಹುಂಜ ಸಿಕ್ಕಿಬಿತ್ತು. ಹೊಟ್ಟೆಯಲ್ಲಿ ಏನಿದೆ ಎಂದು ಅಧಿಕಾರಿ ಕೇಳಿದ. ನಾನು ವಿವರಿಸಲು ಇಂಗ್ಲಿಷ್ ಹೊಂದಿಸಿಕೊಳ್ಳುವಷ್ಟರಲ್ಲಿ ಆಪಾ ದಖನಿಯಲ್ಲಿ, “ಅಂಡಾ ಹೈ,” ಮೊಟ್ಟೆ ಇದೆ, ಅಂದುಬಿಟ್ಟರು. ಅಲ್ಲಿಗೆ ಮುಕ್ಕಾಲು ತಾಸು ಹೋಯಿತು. ಮೂರು ಜನ ಬಂದು ಹುಂಜವನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದರು. ಕೊನೆಗೆ ಹಿರಿಯ ಅಧಿಕಾರಿಣಿಯೊಬ್ಬರು ನಕ್ಕು, ಒಯ್ಯಿರಿ ತಾಯಿ, ಅಂದರು.

ವಿಮಾನದಲ್ಲಿ ಕೌದಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡೆ. ಕಿಟಕಿಯಾಚೆ ಮೋಡ, ಮೋಡದಾಚೆ ಮೋಡ. ಅರೆನಿದ್ದೆಯಲ್ಲಿ ಮಾಮಾ ಕಂಡ. ಮಂಜಿನಲ್ಲಿ ಬುಟ್ಟಿ ಹೊತ್ತು ನನ್ನ ಮುಂದೆ ನಡೆಯುತ್ತಿದ್ದ. ಕೂಗಿದರೆ ತಿರುಗಲಿಲ್ಲ. ಎಚ್ಚರಾದಾಗ ನಾವು ಯಾವ ದೇಶದ ಮೇಲಿದ್ದೇವೆಂದು ಯಾರಿಗೂ ಗೊತ್ತಿರಲಿಲ್ಲ. ಆಪಾ ಮಾತ್ರ ಕಡಕ್ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಂಡು ನಿಶ್ಚಿಂತೆಯಿಂದ ಮೆಲ್ಲುತ್ತಿದ್ದರು.

ಫಾಯೆಂಜಾ, ಮೊದಲ ದಿನ

ಬೊಲೊನ್ಯಾದಿಂದ ರೈಲು. ಆ ಬಯಲು ಸೀಮೆಯಲ್ಲೂ ಮಂಜು, ನಮ್ಮದಕ್ಕಿಂತ ದಪ್ಪ. ಎಲೆ ಉದುರಿದ ದ್ರಾಕ್ಷಿ ತೋಟಗಳು ಒಂದೊಂದೇ ಎದ್ದು ಬಂದು ಮತ್ತೆ ಮುಳುಗುತ್ತಿದ್ದವು. ನಾನು ಬೀದರಿನಿಂದ ಹೊರಟೇ ಇಲ್ಲವೇನೋ, ರೈಲು ಕಮಠಾಣದ ಹೊಲಗಳ ಸುತ್ತಲೇ ತಿರುಗುತ್ತಿದೆಯೇನೋ ಅನ್ನಿಸಿತು.

ಫಾಯೆಂಜಾ ಮಣ್ಣಿನ ಊರು. ಬೀದಿಯ ಹೆಸರುಗಳನ್ನೂ ಹೂ ಬರೆದ ಪಿಂಗಾಣಿ ಬಿಲ್ಲೆಗಳ ಮೇಲೆ ಬರೆಯುತ್ತಾರೆ. ಒಂದು ಬಿಲ್ಲೆಯ ನೀಲಿ ನೋಡಿ ಇಬ್ಬರೂ ಒಟ್ಟಿಗೆ ನಿಂತೆವು. ಬೀದರಿನ ಹಳೆಯ ಮದರಸಾದ ಗೋಡೆಯಲ್ಲಿ ಅಲ್ಲಲ್ಲಿ ಉಳಿದಿರುವ ಹೆಂಚಿನ ನೀಲಿ ಅದೇ. “ಬಣ್ಣಕ್ಕ ಪಾಸ್‌ಪೋರ್ಟ್ ಬೇಕಿಲ್ಲ ನೋಡ್ರಿ ಬಾಯಿ,” ಅಂದರು ಆಪಾ.

ಊಟದ ಹೊತ್ತಿಗೆ ಒಂದು ಗೂಡಂಗಡಿಯಲ್ಲಿ ರೊಟ್ಟಿ ಕಂಡಿತು. ನಿಜವಾದ ರೊಟ್ಟಿ, ಹಂಚಿನ ಮೇಲೆ ಬೇಯುತ್ತಿತ್ತು. ಪಿಯಾದೀನಾ ಅನ್ನುತ್ತಾರಂತೆ. ಆಪಾ ಅಂಗಡಿಯ ಹೆಂಗಸಿನ ಕೈಯನ್ನೇ ನೋಡುತ್ತ, “ಬಡಿಯೂದಿಲ್ಲ, ಲಟ್ಟಸ್ತಾಳ,” ಎಂದು ನಿರಾಸೆಪಟ್ಟರು. ಆಮೇಲೆ ಕೌಂಟರಿನ ಈಚೆ ನಿಂತೇ ಗಾಳಿಯಲ್ಲಿ ರೊಟ್ಟಿ ಬಡಿದು ತೋರಿಸಿದರು. ಆ ಹೆಂಗಸು ಲಟ್ಟಣಿಗೆ ಬದಿಗಿಟ್ಟು, ಬಾಯ್ತೆರೆದು ನೋಡಿ, ಹಂದಿಮಾಂಸ ಹಾಕಿದ ರೊಟ್ಟಿಯನ್ನು ಪ್ರೀತಿಯಿಂದ ನೀಡಿದಳು. ಬೇಡ ಎನ್ನುವುದನ್ನು ಕೈಸನ್ನೆಯಲ್ಲಿ ತಿಳಿಸಲು ನಾನು ಪಟ್ಟ ಪಾಡು ನನಗೇ ಗೊತ್ತು. ಊಟವಾದ ಮೇಲೆ ಹಾಲು ಹಾಕಿದ ಕಾಫಿ ಕೇಳಿದ್ದಕ್ಕೆ ಹೋಟೆಲಿನವನು ನನಗೆ ಜ್ವರ ಬಂದಿದೆಯೇನೋ ಎಂಬಂತೆ ನೋಡಿದ. ಅದು ಇಲ್ಲಿ ಬೆಳಗಿನ ಹೊತ್ತು ಮಾತ್ರ ಕುಡಿಯುವ ಪದಾರ್ಥವಂತೆ. ಬೀದರಿನಲ್ಲಿ ಚಹಾಕ್ಕೆ ಹೊತ್ತು ಗೊತ್ತು ಎಂದರೆ ಜನ ಊರು ಬಿಟ್ಟಾರು.

ಫಾಯೆಂಜಾ, ಮೂರನೆಯ ದಿನ

ಮೇಳದವರೇ ವಿಚಾರಿಸಿ ಒಬ್ಬರ ವಿಳಾಸ ಕೊಟ್ಟರು. ಹಳೆಯ ಪಿಂಗಾಣಿ ಗೊಂಬೆಗಳನ್ನು ಗುರುತಿಸಿ ಬೆಲೆ ಕಟ್ಟುವವರು, ಹೆಸರು ಲೂಚಿಯಾ. ಎಪ್ಪತ್ತರ ಆಸುಪಾಸು, ಕೊರಳಲ್ಲಿ ದಾರ ಕಟ್ಟಿದ ಕನ್ನಡಕ, ಕೈಯಿಲ್ಲದ ಉಣ್ಣೆಯ ಅಂಗಿ. ಅವರ ಇಂಗ್ಲಿಷೂ ನನ್ನದರ ಹಾಗೆಯೇ ಕುಂಟುತ್ತಿದ್ದುದರಿಂದ ಇಬ್ಬರ ನಡಿಗೆಯೂ ಹೊಂದಿಕೊಂಡಿತು. ಅಂಗಡಿಯ ಕಪಾಟುಗಳಲ್ಲಿ ಕುದುರೆಗಳು, ಮೀನುಗಳು, ಉದ್ದ ಕತ್ತಿನ ಹೆಂಗಸರು ಮಂಜಿನ ಬೆಳಕಿನಲ್ಲಿ ಏನನ್ನೋ ಕಾಯುತ್ತ ನಿಂತಿದ್ದರು.

ನಾನು ಎಲ್ಲ ಹೇಳಿದೆ. ಆತ್ಯಾಳ ಷರತ್ತನ್ನೂ ಹೇಳಿದೆ. ಲೂಚಿಯಾ ನಗಲಿಲ್ಲ. ವಸ್ತುಗಳು ಎಲ್ಲಿ ಹುಟ್ಟಿದವು ಎಂದು ಹೇಳಬಲ್ಲೆ, ಹೇಗೆ ಬದುಕಿದವು ಎಂದು ಕೆಲವು ಸಲ ಹೇಳಬಲ್ಲೆ, ಮನುಷ್ಯರ ಬಗ್ಗೆ ಮಾತು ಕೊಡಲಾರೆ, ಅಂದರು. ಇಲ್ಲಿ ಬಿಟ್ಟು ಹೋಗಬೇಕಾಗಿ ಬಂದರೆ ತಮ್ಮ ಕಪಾಟಿನಲ್ಲಿ ಜಾಗವಿದೆ ಎಂದೂ ಅಂದರು. ಆ ಮಾತು ಕೇಳಿದ ಮೇಲೆ ಕೌದಿ ಬಿಚ್ಚಿ ಹುಂಜವನ್ನು ಅವರ ಮುಂದಿಟ್ಟೆ.

ಮೊದಲು ಅವರು ಕಣ್ಣು ಮುಚ್ಚಿ ಹುಂಜವನ್ನು ಎರಡೂ ಕೈಯಲ್ಲಿ ತೂಗಿದರು. ಬೆರಳಿನ ಗಂಟಿನಿಂದ ಮೆಲ್ಲನೆ ಬಡಿದು ಕೇಳಿದರು. ಅಲುಗಾಡಿಸಿ, ಗಲಗಲಕ್ಕೆ ಹುಬ್ಬೇರಿಸಿದರು. ಪಾದದಡಿಯ ಅಂಕಿಯನ್ನು ಭೂತಗನ್ನಡಿಯಲ್ಲಿ ನೋಡಿದರು. ಆಮೇಲೆ, ನನ್ನ ಕಣ್ಣೆದುರಿಗೇ, ಹುಂಜವನ್ನು ತಲೆಕೆಳಗು ಮಾಡಿ ಅದರ ಪಾದವನ್ನು ನೆಕ್ಕಿದರು.

“ಯಾ ಅಲ್ಲಾ!” ಆಪಾ ಕುರ್ಚಿಯಿಂದ ಎದ್ದೇಬಿಟ್ಟರು. ಮುಖ ತುಂಬ ನಗು. “ಈಕಿ ನಮ್ಮಾಕಿನೇ ಆದಳಲ್ರಿ ಬಾಯಿ!”

ಲೂಚಿಯಾ ವಿವರಿಸಿದರು. ಹೊಳಪು ಬಳಿಯದ ಜಾಗಕ್ಕೆ ನಾಲಿಗೆ ಅಂಟಿಕೊಂಡರೆ ಅದು ಕಡಿಮೆ ಶಾಖದಲ್ಲಿ ಸುಟ್ಟ, ನೀರು ಹೀರುವ ಮಣ್ಣು. ಅಂಟದಿದ್ದರೆ ಗಟ್ಟಿ ಪಿಂಗಾಣಿ. ಇದು ಅಂಟಿತು. ಅಂದರೆ ನಾವು ಇಷ್ಟು ವರ್ಷ ಪಿಂಗಾಣಿ ಪಿಂಗಾಣಿ ಎಂದದ್ದು ನಮ್ಮ ಮಡಕೆಯ ದೂರದ ನೆಂಟ. ಅಚ್ಚಿನಲ್ಲಿ ಎರಕ ಹೊಯ್ದು, ಕೈಯಿಂದ ಬಣ್ಣ ಬಳಿದು, ಹೊರದೇಶಕ್ಕೆ ಕಳಿಸಲು ಮಾಡಿದ್ದು. ಆದರೆ ಹುಟ್ಟೂರು ಫಾಯೆಂಜಾ ಅಲ್ಲ, ಗುಡ್ಡದ ಆಚೆ, ಫ್ಲಾರೆನ್ಸಿನ ಕಡೆಯ ಯಾವುದೋ ಸಣ್ಣ ಕಾರ್ಖಾನೆ. ಇಷ್ಟು ದೂರ ಬಂದು ನಾನು ತಪ್ಪು ಊರಿನಲ್ಲಿ ಇಳಿದಿದ್ದೆ. ಲೂಚಿಯಾ ಒಂದು ಚೀಟಿಯ ಮೇಲೆ ಬೆಲೆ ಬರೆದು ತೋರಿಸಿದರು. ಅದು ಎಷ್ಟೆಂದು ಓದುಗರು ಕೇಳಬಾರದು.

ಆಮೇಲೆ ಕಿಟಕಿಯ ಪರದೆ ಎಳೆದು ನೇರಳೆ ಬೆಳಕಿನ ದೀಪ ಹಚ್ಚಿದರು. ಹುಂಜದ ಮೈಯೆಲ್ಲ ಮಂಕಾಯಿತು, ಬಾಲ ಮಾತ್ರ ಬೇರೆಯೇ ಬಣ್ಣದಲ್ಲಿ ಬೆಳಗಿತು. ಲೂಚಿಯಾ ನಿಟ್ಟುಸಿರು ಬಿಟ್ಟರು. ಬಾಲ ಮೂಲದ್ದಲ್ಲ. ಎಂದೋ ಮುರಿದಿದೆ, ಯಾರೋ ಬೇರೆ ಮಾಡಿ ಕೂರಿಸಿದ್ದಾರೆ. ಚೀಟಿಯ ಮೇಲಿನ ಬೆಲೆಯನ್ನು ಹೊಡೆದು ಹಾಕಿ ಬಹಳ ಚಿಕ್ಕದೊಂದನ್ನು ಬರೆದರು. ಇಂಥ ದುರಸ್ತಿ ತಾವು ಎಲ್ಲೂ ನೋಡಿಲ್ಲವೆಂದೂ, ಯಾವ ಊರಿನ ಕೆಲಸವೆಂದು ತಿಳಿಯದೆಂದೂ ಹೇಳಿದರು.

“ಇಲ್ಲಿ ಕೊಡ್ರಿ,” ಅಂದರು ಆಪಾ.

ಬಾಲದ ಬುಡದಲ್ಲಿ, ಬಣ್ಣ ಎದ್ದಿದ್ದ ಕಡೆ, ನಾಲಿಗೆ ಇಟ್ಟರು. ಅಂಟಲಿಲ್ಲ ಎಂದು ತಲೆಯಾಡಿಸಿದರು. ಉಗುರಿನಿಂದ ಒಂದಿಷ್ಟೇ ಕೆರೆದರು, ಮೂಸಿದರು, ಮತ್ತೆ ನೆಕ್ಕಿದರು. ಅವರ ಮುಖದ ನಗು ಇಳಿಯಿತು.

“ಬಾಯಿ, ಇದು ಸಾಂಚಾದ ಮಣ್ಣರಿ. ನಾವು ಹೂಜಿ ಎರಕ ಹೊಯ್ಯಲಿಕ್ಕ ಅಚ್ಚ ಮಾಡ್ತೇವಲ್ರಿ, ಆ ಮಣ್ಣ. ಔಡಲೆಣ್ಣಿ ಅದ, ರಾಳ ಅದ. ಇದನ್ನ ಬೀದರ ಬಿಟ್ಟರ ಎಲ್ಲೂ ಕಲಸೂದಿಲ್ಲ. ನಮ್ಮ ಓಣಿಯವರು ಯಾರರ ಒಂದು ಮುಟಗಿ ಕೊಟ್ಟಾರ. ಕೆಲಸ ಮಾಡಿದಂವ ಮಾತ್ರ ನಮ್ಮವ ಅಲ್ಲ. ನೋಡ್ರಿ, ಕೈ ಹೊಸದು, ಖರೆ ಮನಸ್ಸಿಟ್ಟು ಮಾಡ್ಯಾನ.”

ನಾನು ಲೂಚಿಯಾಗೆ ತಿಳಿಸಿದೆ. ಔರಾದಿಗೆ ಬಂದಾಗಲೇ ಹುಂಜಕ್ಕೆ ಈ ಬಾಲವಿತ್ತೇ ಎಂದು ಅವರು ಕೇಳಿದರು. ಇತ್ತು. ಬುಟ್ಟಿಯಿಂದ ತೆಗೆದ ದಿನವೇ ಹಸಿರು ಬಾಲ ಹಿಡಿದು ನಾನು ಬೈಸಿಕೊಂಡಿದ್ದೆ. ಹಾಗಾದರೆ ಬೀದರಿನಲ್ಲೇ ಮುರಿದಿತ್ತು, ಬೀದರಿನಲ್ಲೇ ಕೂಡಿಸಿದ್ದು. ಲೂಚಿಯಾ ಪಾದದಡಿಯ ಸಣ್ಣ ತೂತಿನೊಳಗೆ ತಂತಿಯ ತುದಿಯ ಪುಟ್ಟ ಕ್ಯಾಮೆರಾ ಇಳಿಸಿದರು. ಪರದೆಯ ಮೇಲೆ ಹುಂಜದ ಹೊಟ್ಟೆ ಗುಹೆಯಂತೆ ಕಂಡಿತು. ತಳದಲ್ಲಿ ಅಂಗಿಯ ಒಂದು ಬಿರಿದ ಗುಂಡಿ, ಐವತ್ತು ವರ್ಷ ಗಲಗಲ ಅಂದದ್ದು ಅದೇ. ಬಾಲದ ಬುಡದ ಒಳಗಡೆ ರಾಳದ ಮಣ್ಣಿಗೆ ಅಂಟಿಕೊಂಡು ಕಪ್ಪು ಪುಡಿ, ಒಂದು ಕಡ್ಡಿ, ಬೆಳ್ಳಗೆ ಎರಡು ಚೂರು. ಲೂಚಿಯಾ ಹತ್ತಿರ ಮಾಡಿ ತೋರಿಸಿದರು. ಚಹಾಪುಡಿ, ಬೆಂಕಿಕಡ್ಡಿ, ಮೊಟ್ಟೆಯ ಚಿಪ್ಪು.

“ಅಂಡಾ,” ಅಂದರು ಆಪಾ ಮೆಲ್ಲಗೆ. ಈ ಸಲ ಯಾರೂ ನಗಲಿಲ್ಲ.

ಪಾದದ ತೂತಿನಲ್ಲಿ ಬೆರಳೂ ಹಿಡಿಸದು. ಹಸಿ ಮಣ್ಣಿಗೆ ಅಂಟಿಕೊಂಡ ಆ ಅಡುಗೆಮನೆಯ ಕಸ ಹೊಸ ಬಾಲ ಕೂರಿಸುವ ಮೊದಲೇ, ಹಳೆಯದು ಮುರಿದು ತೆರೆದುಕೊಂಡಿದ್ದ ದೊಡ್ಡ ಗಂಡಿಯಿಂದ ಒಳಗೆ ಹೋಗಿರಬೇಕು. ಬಾಲ ಮುರಿದ ಹುಂಜ ಕಸದಲ್ಲಿ ಬಿದ್ದಿತ್ತು, ಅಂದರು ಲೂಚಿಯಾ. ಕದ್ದದ್ದಲ್ಲ. ಕೊಟ್ಟದ್ದೂ ಅಲ್ಲ. ಬಿಸಾಕಿದ್ದು.

ನನ್ನ ಕಣ್ಣ ಮುಂದೆ ನೀಲಿ ಫ್ರಾಕು ಬಂದು ನಿಂತಿತು. ಮಂದಿ ಬಿಟ್ಟದ್ದ ಉಡೂದಿಲ್ರಿ. ಮನೆ ಮನೆ ತಿರುಗಿ ಹಾಗೆ ಹೇಳಿದ ಮನುಷ್ಯ ಒಂದು ದಿನ ಬಂಗಲೆಯ ಹಿತ್ತಲಿನ ಕಸದ ಗುಂಡಿಯಲ್ಲಿ ಈ ನೀಲಿ ಪಟ್ಟೆ ಕಂಡು ನಿಂತಿರಬೇಕು. ಬಗ್ಗಿರಬೇಕು. ತೊಳೆದು, ಮಣ್ಣು ಬೇಡಿ ತಂದು, ತನ್ನ ಕೈಯಿಂದ ಬಾಲ ಮಾಡಿ, ಹಸಿರು ಬಳಿದು, ಮತ್ತೆ ಇಡಿಯ ಹುಂಜ ಮಾಡಿರಬೇಕು. ಚೆಂದದ್ದೊಂದನ್ನು ಬಿಟ್ಟುಬರಲು ಆಗದೆ ಹೋದದ್ದು ಅವನ ತಪ್ಪು. ಕದ್ದೆ ಎಂಬ ಹೆಸರನ್ನು ಅವನು ಹೊರಬಲ್ಲವನಾಗಿದ್ದ. ಕಸದಿಂದ ಆರಿಸಿದೆ ಎನ್ನಲು ನಾಲಿಗೆ ಏಳಲಿಲ್ಲ. ನಾನು ಪರದೇಶದ ಅಂಗಡಿಯಲ್ಲಿ, ಗುರುತಿಲ್ಲದ ಹೆಂಗಸಿನ ಮುಂದೆ, ಗಳಗಳ ಅತ್ತುಬಿಟ್ಟೆ. ಲೂಚಿಯಾ ಪರದೆ ಸರಿಸಿ, ಒಲೆಯ ಮೇಲೆ ಕಾಫಿಗೆ ನೀರಿಟ್ಟರು. ಮಧ್ಯಾಹ್ನವಾಗಿದ್ದರೂ ನನ್ನ ಲೋಟಕ್ಕೆ ಕೇಳದೆಯೇ ಹಾಲು ಹಾಕಿದರು.

ಹೊರಡುವಾಗ ಹುಂಜವನ್ನು ಏನು ಮಾಡುವುದೆಂದು ನಾನು ಆಪಾ ಕಡೆ ನೋಡಿದೆ. ಅವರು ಆಗಲೇ ಅದನ್ನು ಕೌದಿಯಲ್ಲಿ ಸುತ್ತುತ್ತಿದ್ದರು.

ಮತ್ತೆ ಭಾಲ್ಕಿ

ಭಾಲ್ಕಿಯಲ್ಲಿ ನಾಲ್ಕು ದಿನ ಕೂತೆ. ಪ್ರಯಾಣದ ಆಯಾಸ ಎಂದು ಎಲ್ಲರಿಗೂ ಹೇಳಿದೆ. ಹಗಲಿನಲ್ಲೇ ನಿದ್ದೆ ಎಳೆಯುತ್ತಿತ್ತು, ಎದ್ದರೆ ಯಾವ ಊರೆಂದು ತಿಳಿಯುತ್ತಿರಲಿಲ್ಲ. ಕಿಟಕಿಯಲ್ಲಿ ತೊಗರಿ ಹೊಲದ ಹಳದಿ ಕಂಡ ಮೇಲೆಯೇ ನೆಲ ಸಿಗುತ್ತಿತ್ತು. ಆತ್ಯಾಗೆ ಹೇಳಿದರೆ ಕಳ್ಳತನದ ಹೆಸರು ಹೋಗುತ್ತದೆ, ಆದರೆ ಮಾಮಾ ಜೀವವಿರುವ ತನಕ ಮುಚ್ಚಿಟ್ಟದ್ದು ಬಯಲಾಗುತ್ತದೆ. ಮೇಮ್‌ಸಾಬ್ ಪ್ರೀತಿಯಿಂದ ಕೊಟ್ಟದ್ದು ಎಂದು ಸುಳ್ಳು ಹೇಳಿದರೆ ಎಲ್ಲರಿಗೂ ಸುಖ. ಆಪಾಗೆ ಫೋನು ಮಾಡಿ ಕೇಳಿದೆ.

“ಸುಳ್ಳ ಹೇಳಬ್ಯಾಡ್ರಿ ಬಾಯಿ,” ಅಂದರು. “ಬಾಲ ಅಷ್ಟ ಚಂದ ಮಾಡ್ಯಾನ. ಸುಳ್ಳ ಹೇಳಿದರ ಆ ಕೆಲಸ ಯಾರದಂತ ಹೇಳ್ತೀರಿ?”

ಮತ್ತೆ ಔರಾದ್

ಆತ್ಯಾ ಬಾಗಿಲಲ್ಲೇ ಕೂತಿದ್ದಳು. ನನ್ನ ಮುಖ ನೋಡಲಿಲ್ಲ, ಗಂಟು ನೋಡಿದಳು. “ತಂದಿ ಅಂದ್ರ ಕೊಟ್ಟದ್ದು,” ಅಂದಳು.

“ಕೊಟ್ಟದ್ದಲ್ಲ ಆತ್ಯಾ. ಕದ್ದದ್ದೂ ಅಲ್ಲ.”

ಎಲ್ಲವನ್ನೂ ಹೇಳಿದೆ. ಆಪಾ ನೆಕ್ಕಿದ್ದು, ನೇರಳೆ ದೀಪ, ಹೊಟ್ಟೆಯೊಳಗಿನ ಮೊಟ್ಟೆಯ ಚಿಪ್ಪು. ಅವಳು ಹುಂಜವನ್ನು ಮಡಿಲಿಗೆ ತೆಗೆದುಕೊಂಡು, ಬಾಲದ ಒಂದೊಂದೇ ಗರಿಯ ಮೇಲೆ ಹೆಬ್ಬೆರಳು ಎಳೆಯುತ್ತ ಕೂತಳು. ಓಣಿಯಲ್ಲಿ ಯಾರದೋ ಕುಕ್ಕರು ಮೂರು ಸಲ ಕೂಗಿತು.

“ನನಗ ಹೇಳಿದ್ದರ ನಾ ಏನ ಅಂತಿದ್ದೆ?” ಅಂದಳು ಕೊನೆಗೆ. ನನ್ನನ್ನು ಕೇಳಿದ್ದಲ್ಲ. “ಬೈತಿದ್ದೆ. ಖರೇನ ಬೈತಿದ್ದೆ. ಊರಿಗೆಲ್ಲಾ ಬುದ್ಧಿ ಹೇಳ್ಕೋತ ತಿರಗಿ, ನೀನ ಕಸಾ ಆರಿಸಿ ತಂದಿ ಏನ ಅಂತಿದ್ದೆ.” ಸೆರಗಿನಿಂದ ಕಣ್ಣೊರೆಸಿಕೊಂಡಳು, ಅಳುತ್ತಲೇ ನಕ್ಕಳು. “ಆಮ್ಯಾಲ ಮಾತ್ರ ಬಾಲ ಛಲೋ ಆಗ್ಯದ ಅಂತಿದ್ದೆ. ಅದನ್ನೊಂದು ಅನ್ನಲಿಕ್ಕ ಆಗಲಿಲ್ಲ ನೋಡು.”

ಗೋಡೆ ಹಿಡಿದು ಎದ್ದಳು. ನಾನು ಕೈ ಚಾಚಿದರೆ ಬೇಡ ಅಂದಳು. ಹುಂಜವನ್ನು ತಾನೇ ಗೂಡಿನವರೆಗೆ ಒಯ್ದಳು.

“ಹುಂಜ ಯಾರದರ ಇರಲಿ. ಬಾಲ ನಮ್ಮನಿದು,” ಅಂದಳು.

ಮತ್ತೆ ಅದನ್ನು ಗೂಡಿನಲ್ಲಿಟ್ಟಳು, ಮುಖ ಗೋಡೆಗೆ, ಬಾಲ ನಮ್ಮ ಕಡೆಗೆ.